ಐದನೆಯ ಉಂಗುರ

ಹತ್ತು ಗಂಟೆಗೆ ಬರುತ್ತೇವೆಂದು ರಾಜಿಯಾ ಫೋನ್ ಮಾಡಿದ್ದಳು. ಹಿಲ್ಮೊ ಎಂಟಕ್ಕೇ ಅಂಗಡಿ ತೆಗೆದು, ಒಲೆ ಹಚ್ಚಿ, ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಗಾಳದ ಕೋಲಿಗೆ ಕಟ್ಟುವ ಒಂಬತ್ತು ಉಂಗುರಗಳನ್ನು ಸಾಲಾಗಿ ಇಟ್ಟಿದ್ದ. ಹಿಡಿಕೆಯ ಕಡೆಗೆ ದೊಡ್ಡದು, ಆಮೇಲೆ ಒಂದಕ್ಕಿಂತ ಒಂದು ಸಣ್ಣದು, ಕೋಲಿನ ತುದಿಗೆ ಹೋಗುವುದು ಬಟಾಣಿಗಿಂತ ಚಿಕ್ಕದು. ಗಾಳದ ಕೋಲು ಕಟ್ಟುವವನ ಹಣೆಬರಹವೆಲ್ಲ ಉಂಗುರದಲ್ಲಿದೆ ಎಂದು ಬಂದವರಿಗೆಲ್ಲ ಹೇಳುವುದು ಅವನ ರೂಢಿ. ಬರಿಗೋಲು ಯಾವುದೋ ಕಾರ್ಖಾನೆಯಿಂದ ಬರುತ್ತದೆ, ದಾರ ಸುತ್ತುವ ರಾಟೆಯನ್ನು ಗಿರಾಕಿಯೇ ತರುತ್ತಾನೆ, ಆದರೆ ದಾರ ಎಲ್ಲಿ ಹಾಯಬೇಕು, ಮೀನಿನ ಭಾರ ಬಿದ್ದಾಗ ಕೋಲು ಎಲ್ಲಿ ಎಷ್ಟು ಬಾಗಬೇಕು ಎಂದು ತೀರ್ಮಾನಿಸುವುದು ಉಂಗುರ, ಉಂಗುರವನ್ನು ತೀರ್ಮಾನಿಸುವುದು ನಾನು. ಮೂವತ್ತು ವರ್ಷ ಹೇಳಿ ಹೇಳಿ ಬಾಯಿಪಾಠವಾದ ಮಾತು. ಇವತ್ತು ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳಲು ಹೋದರೆ ಐದನೆಯ ಉಂಗುರದ ಹತ್ತಿರ ಬಂದು ನಿಂತುಹೋಗುತ್ತಿತ್ತು.

ಆ ಐದನೆಯ ಜಾಗದಲ್ಲಿ ಅವನು ಬೆಳಗಿನಿಂದ ಮೂರು ಸಲ ಉಂಗುರ ಬದಲಾಯಿಸಿದ್ದ. ಡ್ರಾಯರಿನ ಮೂಲೆಯ ಬೆಂಕಿಪೊಟ್ಟಣದಲ್ಲಿ ಒಂದು ಹಳೆಯ ಉಂಗುರವಿತ್ತು. ನೋಡಲು ಉಳಿದವುಗಳ ಹಾಗೆಯೇ: ಎರಡು ಕಾಲಿನ ಉಕ್ಕಿನ ಚೌಕಟ್ಟು, ಅದರೊಳಗೆ ಪಿಂಗಾಣಿಯ ಕಪ್ಪು ಬಳೆ. ಬಳೆಯ ಒಳಮೈಯಲ್ಲಿ ಕೂದಲಿಗಿಂತ ತೆಳುವಾದ ಒಂದು ಬಿರುಕು, ಕಣ್ಣಿಗೆ ಕಾಣದಷ್ಟು. ಹತ್ತಿಯ ಎಸಳೊಂದನ್ನು ಒಳಗಿಂದ ಎಳೆದರೆ ಮಾತ್ರ ಗೊತ್ತಾಗುತ್ತದೆ. ಒಂದು ಎಳೆ ಅಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ. ಕೋಲಿಗೆ ಕಟ್ಟುವ ಮೊದಲು ಪ್ರತಿ ಉಂಗುರಕ್ಕೂ ಹತ್ತಿ ಹಾಯಿಸಿ ನೋಡುವುದು ಕಸುಬಿನ ಮೊದಲ ಪಾಠ. ಎರಡು ವರ್ಷದ ಹಿಂದೆಯೂ ಹಿಲ್ಮೊ ಹಾಯಿಸಿದ್ದ. ಉಂಗುರ ಅದರ ಹಿಂದಿನ ದಿನ ಕೈಜಾರಿ ನೆಲದ ಹಾಸುಗಲ್ಲಿಗೆ ಬಿದ್ದಿತ್ತು, ಹೊಸದು ಜರ್ಮನಿಯಿಂದ ಬರಲು ಮೂರು ವಾರ, ಶನಿವಾರಕ್ಕೆ ಕೋಲು ಸಿದ್ಧ ಎಂದು ಸಾಬಿತನ ಕಾಫಿ ಅಂಗಡಿಯಲ್ಲಿ ಹತ್ತು ಜನರೆದುರು ಕೊಚ್ಚಿಕೊಂಡಾಗಿತ್ತು. ಹತ್ತಿಯ ಎಳೆ ನಿಂತಿತ್ತು. ಅವನು ಅದನ್ನು ನೋಡಿದ. ಹತ್ತಿಯೇ ಕಳಪೆ ಎಂದುಕೊಂಡ. ಉಫ್ ಎಂದು ಊದಿ, ಕಪ್ಪು ರೇಷ್ಮೆ ನೂಲು ಸುತ್ತಿ, ಮೇಲೆ ಮೆರುಗೆಣ್ಣೆ ಬಳಿದು, ಆ ಕೋಲನ್ನು ತನ್ನ ಪ್ರಾಣಸ್ನೇಹಿತ ಎಶ್ರೆಫನಿಗೆ ಕೊಟ್ಟ.

ಇವತ್ತು ಹೇಳಿಬಿಡಬೇಕು ಎಂದು ಅವನು ಒಂದು ವಾರದ ಹಿಂದೆಯೇ ನಿರ್ಧಾರ ಮಾಡಿದ್ದ. ಹೇಳುವುದು ಕಷ್ಟವೆನಿಸಿ, ಉಂಗುರವನ್ನೇ ಸಾಲಿನಲ್ಲಿ ಇಟ್ಟುಬಿಟ್ಟರೆ ಅದೇ ಮಾತಾಡೀತು ಎಂಬ ಉಪಾಯ ಹೊಳೆದಿತ್ತು. ಇಟ್ಟ. ಇದು ಹೇಡಿಯ ಉಪಾಯ ಅನ್ನಿಸಿ ತೆಗೆದ. ಹೇಡಿಗೂ ಒಂದು ಉಪಾಯ ಬೇಡವೇ ಅನ್ನಿಸಿ ಮತ್ತೆ ಇಟ್ಟ. ಹಾಗೆ ಮೂರನೆಯ ಸಲ ಇಟ್ಟು, ತೆಗೆಯಲೆಂದು ಕೈ ಚಾಚಿದಾಗ ಬಾಗಿಲ ಗಂಟೆ ಅಲುಗಿತು. ರಾಜಿಯಾ ಭುಜದಿಂದ ಬಾಗಿಲು ತಳ್ಳಿಕೊಂಡು, ಗಂಡ ಎಶ್ರೆಫನನ್ನು ತೋಳಿನಲ್ಲಿ ಹಿಡಿದು ಒಳಗೆ ಬರುತ್ತಿದ್ದಳು.

"ಹೊಸಿಲಿದೆ, ಕಾಲೆತ್ತಿ. ಆ ಕಾಲಲ್ಲ, ಇನ್ನೊಂದು. ಹಿಲ್ಮೊ, ಕುರ್ಚಿ ಎಳೀರಿ ಸ್ವಲ್ಪ. ನಿಂತು ನೋಡ್ತಾ ಇದ್ದೀರಲ್ಲ, ಮದುಮಗಳು ಬಂದಳಾ ಇಲ್ಲಿ?"

ಹಿಲ್ಮೊ ಕುರ್ಚಿ ಎಳೆದ. ಎಶ್ರೆಫ್ ಕುಳಿತು, ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಅಂಗಡಿಯನ್ನೆಲ್ಲ ಒಮ್ಮೆ ನೋಡಿ, ದೃಷ್ಟಿಯನ್ನು ಹಿಲ್ಮೊನ ಮುಖದ ಮೇಲೆ ನಿಲ್ಲಿಸಿ, ಅರ್ಧ ಬಾಯಲ್ಲಿ ನಕ್ಕ.

"ಗಂಟು," ಎಂದ.

"ಚೆನ್ನಾಗಿದ್ದೀಯಾ ಅಂತ ಕೇಳ್ತಿದಾರೆ," ಎಂದಳು ರಾಜಿಯಾ.

ಮೇ ತಿಂಗಳಲ್ಲಿ ಲಕ್ವ ಹೊಡೆದಾಗ ಎಶ್ರೆಫನ ಮಾತೆಲ್ಲ ಹೋಗಿ ಇದೊಂದು ಉಳಿದಿತ್ತು. ನೀರಿಗೂ ಗಂಟು, ನೋವಿಗೂ ಗಂಟು, ಮೊಮ್ಮಗಳನ್ನು ಕರೆಯುವುದಕ್ಕೂ ಗಂಟು. ಕೆಲವರಿಗೆ ಹೀಗೆ ಯಾವುದೋ ಒಂದು ಪದ ಉಳಿದುಬಿಡುತ್ತದೆ, ಅದಕ್ಕೆ ಅರ್ಥ ಹುಡುಕಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಒಬ್ಬರಿಗೆ ಬೈಗುಳ ಉಳಿಯುತ್ತದೆ, ಒಬ್ಬರಿಗೆ ಹೆಂಡತಿಯ ಹೆಸರು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು ಆ ಪದವನ್ನು ಮೊದಲ ಸಲ ಕೇಳಿದಾಗ ಹಿಲ್ಮೊ ಹಣ್ಣಿನ ಚೀಲವನ್ನು ಕಿಟಕಿಯ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಹೊರಟುಬಂದಿದ್ದ. ಆ ದಿನ ಬಸ್ಸುಗಳೇ ಇರಲಿಲ್ಲ, ಭಾನುವಾರ.

ಅವನಿಗೆ ಅರ್ಥ ಹುಡುಕುವ ಅಗತ್ಯವಿರಲಿಲ್ಲ. ಎರಡು ವರ್ಷದ ಹಿಂದಿನ ಆ ಜನವರಿಯಲ್ಲಿ, ಹೊಸ ಕೋಲು ಕೈಗೆ ಬಂದ ಮೂರನೆಯ ದಿನ, ಎಶ್ರೆಫ್ ಊನಾ ಹೊಳೆಯ ಮರದ ಸೇತುವೆಯ ಕೆಳಗೆ ಮ್ಲಾದಿತ್ಸ ಮೀನೊಂದನ್ನು ಹಿಡಿದಿದ್ದ. ಹಿಡಿದಿದ್ದ ಎನ್ನುವ ಹಾಗಿಲ್ಲ, ತಗುಲಿಸಿದ್ದ. ಹನ್ನೊಂದು ಚಳಿಗಾಲ ಅವನು ಬೆನ್ನು ಹತ್ತಿದ್ದ ಮೀನು ಅದು, ಇಬ್ಬರು ಮೊಮ್ಮಕ್ಕಳ ತೂಕದ್ದು. ನಲವತ್ತು ನಿಮಿಷ ಆಡಿಸಿದ. ಸೇತುವೆಯ ಮೇಲೆ ಜನ ಸೇರಿದರು. ದಡಕ್ಕೆ ಮೂರು ಮಾರು ಇರುವಾಗ ದಾರ ಹರಿದು ಕೋಲು ಸುಮ್ಮನೆ ನೆಟ್ಟಗಾಯಿತು. ಹಿಲ್ಮೊ ಆಗ ಅಲ್ಲಿರಲಿಲ್ಲ. ಸಾಬಿತನ ಅಂಗಡಿಯಲ್ಲಿ ಕುಳಿತು, ಕಾಫಿಯ ಬಟ್ಟಲಿಗೆ ಸಕ್ಕರೆ ತುಂಡು ಅದ್ದಿ ಚೀಪುತ್ತಿದ್ದ. ಎಶ್ರೆಫ್ ಮೀಸೆಯ ಮೇಲೆ ಮಂಜು ಕಟ್ಟಿಕೊಂಡು ಒಳಗೆ ಬಂದು ಎದುರಿನ ಕುರ್ಚಿಯಲ್ಲಿ ಕುಳಿತ. ತುಂಡಾದ ದಾರದ ತುದಿ ಅವನ ತೋರುಬೆರಳಿಗೆ ಸುತ್ತಿತ್ತು. ಹಿಲ್ಮೊ ಅದನ್ನು ನೋಡಲು ಬಾಗಿದಾಗ ಎಶ್ರೆಫ್ ಬೆರಳನ್ನು ಕೋಟಿನ ಜೇಬಿಗೆ ತೂರಿಸಿದ.

"ನನ್ನ ಗಂಟು ಜಾರಿತು," ಎಂದಿದ್ದ, ಎಲ್ಲರಿಗೂ ಕೇಳುವಂತೆ.

ಊರಿನ ಅರ್ಧ ಗಂಡಸರಿಗೆ ಗಂಟು ಹಾಕಲು ಕಲಿಸಿದವನೇ ಅವನು. ಶಾಲೆಯ ಮಾಸ್ತರನ ಹಾಗೆ ಒಬ್ಬೊಬ್ಬರ ಎದುರು ಕುಳಿತು, ದಾರವನ್ನು ತುಟಿಯಲ್ಲಿ ಒದ್ದೆ ಮಾಡಿ, ಹೀಗೆ, ಐದು ಸುತ್ತು, ಈಗ ನಿಧಾನಕ್ಕೆ ಎಳಿ ಎನ್ನುತ್ತಿದ್ದ. "ದಾರ ಹರಿದರೆ ತುದಿ ನೋಡು," ಎನ್ನುವುದು ಅವನ ಕೊನೆಯ ಪಾಠ. "ತುದಿ ಹಂದಿ ಬಾಲದ ಹಾಗೆ ಸುತ್ತಿಕೊಂಡಿತ್ತೋ, ಗಂಟು ಜಾರಿದೆ, ಅದು ಹರಾಮಿನ ಗಂಟು, ತಪ್ಪು ನಿನ್ನದು. ತುದಿ ಬೆಳ್ಳಗೆ ಒರಟಾಗಿತ್ತೋ, ಎಲ್ಲೋ ಉಜ್ಜಿದೆ, ತಪ್ಪು ಕಲ್ಲಿನದು." ಅಂಥವನ ಗಂಟು ಜಾರಿತು. ಮೊದಲು ನಕ್ಕವನು ಸಾಬಿತ್. ಆಮೇಲೆ ಎಲ್ಲರೂ ನಕ್ಕರು. ಹಿಲ್ಮೊ ಎಲ್ಲರಿಗಿಂತ ತುಸು ತಡವಾಗಿ, ಎಲ್ಲರಿಗಿಂತ ತುಸು ಜೋರಾಗಿ ನಕ್ಕ. ಅಂದಿನಿಂದ ಎಶ್ರೆಫನಿಗೆ ಗಂಟು ಎಂದೇ ಹೆಸರಾಯಿತು. ಯಾರಾದರೂ ಬೂಟಿನ ದಾರ ಕಟ್ಟಿಕೊಂಡರೆ, "ಎಶ್ರೆಫ್, ಗಂಟು ಸರಿಯಾಗಿದೆಯಾ ನೋಡಿ ಹೇಳಪ್ಪ," ಎಂದು ಸಾಬಿತ್ ಬಾಗಿಲಿನಿಂದ ಕೂಗುತ್ತಿದ್ದ. ಗಂಟು ಕಲಿಯಲು ಅವನ ಬಳಿಗೆ ಬರುವವರು ನಿಂತರು. ಮಾರ್ಚ್ ತಿಂಗಳಲ್ಲಿ ಮೆರುಗೆಣ್ಣೆ ಹಚ್ಚಲೆಂದು ಕೋಲು ಅಂಗಡಿಗೆ ಬಂದಾಗ ಹಿಲ್ಮೊ ಬಾಗಿಲು ಹಾಕಿಕೊಂಡು ಐದನೆಯ ಉಂಗುರಕ್ಕೆ ಹತ್ತಿ ಹಾಯಿಸಿದ. ಎಳೆ ನಿಂತಿತು. ಅದನ್ನು ಬಿಚ್ಚಿ ಬೆಂಕಿಪೊಟ್ಟಣಕ್ಕೆ ಹಾಕಿ, ಹೊಸದು ಕಟ್ಟಿಕೊಟ್ಟ. ಎಶ್ರೆಫ್ ಕೋಲನ್ನು ತಿರುಗಿಸಿ ನೋಡಿ, ಹೊಳಪು ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳಿದ.

"ಎಡಗೈಯಲ್ಲಿ ಗಾಳ ಎಸೀತಾರಂತೆ," ಎನ್ನುತ್ತಿದ್ದಳು ರಾಜಿಯಾ. ಅವಳು ಇಷ್ಟು ಹೊತ್ತು ಮಾತಾಡುತ್ತಲೇ ಇದ್ದಳು, ಹಿಲ್ಮೊಗೆ ಅರ್ಧ ಮಾತ್ರ ಕೇಳಿಸಿತ್ತು. "ಹಗುರವಾಗಿರಬೇಕಂತೆ. ಹಳೇ ಕೋಲು ಕೊಟ್ಟರೆ ಎತ್ತಿ ಮೂಲೆಗೆ ಬಿಸಾಕಿದರು. ಹೊಸದು ಬೇಕು ಅಂತ ನಿಮ್ಮ ಅಂಗಡಿ ದಿಕ್ಕಿಗೆ ಬೆರಳು ತೋರಿಸ್ಕೊಂಡು ಮೂರು ದಿನ ಕೂತಿದ್ದರು. ಊಟ ಬಿಟ್ಟರು ಮಾರಾಯ್ರೇ, ಎಳೇ ಮಗುವಿನ ಹಾಗೆ." ಅವಳು ಹಿಲ್ಮೊನ ಹತ್ತಿರ ಬಂದು ದನಿ ತಗ್ಗಿಸಿದಳು. "ಎಸೆದರೂ ರಾಟೆ ತಿರುಗಿಸೋಕೆ ಕೈ ಬೇಕಲ್ಲ, ಅದು ನಂಗೂ ಗೊತ್ತು. ಅವರಿಗೂ ಗೊತ್ತು ಅನ್ಸತ್ತೆ. ಏನೋ ಒಂದು ಮಾಡಿಕೊಡಿ. ಕಿಟಕಿ ಹತ್ರ ಹಿಡ್ಕೊಂಡು ಕೂತರೂ ಸಾಕು."

"ಗಂಟು," ಎಂದ ಎಶ್ರೆಫ್ ಗಡುಸಾಗಿ.

"ಆಯ್ತು, ಗುಸುಗುಸು ಮಾಡಲ್ಲ. ಪೇಟೆಗೆ ಹೋಗಿ ಈರುಳ್ಳಿ, ಮೆಣಸಿನಕಾಯಿ ತರ್ತೀನಿ. ಇಬ್ಬರೂ ಜಗಳ ಆಡ್ಬೇಡಿ." ಅವಳು ಚೀಲ ತೆಗೆದುಕೊಂಡು ಹೋದಳು.

ಮೀನು ಹಿಡಿಯದ ಕೋಲಿಗೂ ಉಂಗುರ ಸರಿಯಾದ ಜಾಗದಲ್ಲೇ ಕೂರಬೇಕು. ಹಿಲ್ಮೊ ಬರಿಗೋಲನ್ನು ತೆಗೆದುಕೊಂಡು, ಬುಡವನ್ನು ನೆಲಕ್ಕೂರಿ, ತುದಿಯನ್ನು ಅಂಗೈಯಲ್ಲಿ ಒತ್ತಿ ಬಗ್ಗಿಸಿ ನಿಧಾನಕ್ಕೆ ಉರುಳಿಸಿದ. ಎಲ್ಲ ಬರಿಗೋಲಿಗೂ ಒಂದು ಬೆನ್ನಿರುತ್ತದೆ; ಉರುಳಿಸುತ್ತಿದ್ದರೆ ಒಂದು ಕಡೆಗೆ ತಾನಾಗಿ ಕುಪ್ಪಳಿಸಿ ನಿಲ್ಲುತ್ತದೆ. ಬೆನ್ನು ತಪ್ಪಿಸಿ ಉಂಗುರ ಕಟ್ಟಿದರೆ ಭಾರ ಬಿದ್ದಾಗ ಕೋಲು ಕೈಯೊಳಗೇ ತಿರುಚಿಕೊಳ್ಳುತ್ತದೆ. ಕೋಲು ಕುಪ್ಪಳಿಸಿತು. ಅಲ್ಲಿ ಸೀಮೆಸುಣ್ಣದ ಗೆರೆ ಎಳೆದ. ಎಶ್ರೆಫ್ ಅದನ್ನೆಲ್ಲ ನೋಡುತ್ತಿದ್ದ. ಎಷ್ಟೋ ವರ್ಷ ಹೀಗೆಯೇ ನೋಡಿದ್ದ. ಮುಂದಿನ ಕೆಲಸಕ್ಕೆ ಇಬ್ಬರು ಬೇಕು, ಆ ಎರಡನೆಯವನು ಯಾವಾಗಲೂ ಅವನೇ. ಉಂಗುರಗಳನ್ನು ರಬ್ಬರಿನ ಪಟ್ಟಿಯಿಂದ ತಾತ್ಕಾಲಿಕವಾಗಿ ಕೋಲಿಗೆ ಸಿಕ್ಕಿಸಿ, ಒಳಗಿಂದ ದಾರ ಹಾಯಿಸಿ, ಒಬ್ಬ ದಾರದ ತುದಿ ಹಿಡಿದು ಜಗ್ಗಬೇಕು. ಕೋಲು ಬಿಲ್ಲಿನ ಹಾಗೆ ಬಗ್ಗಿದಾಗ ಇನ್ನೊಬ್ಬ ಉಂಗುರಗಳನ್ನು ಹಿಂದೆ ಮುಂದೆ ಸರಿಸುತ್ತ, ದಾರ ಎಲ್ಲಿಯೂ ಕೋಲಿಗೆ ತಾಗದೆ ಬಾಗಿನ ಜೊತೆಗೇ ಬಾಗುವ ಹಾಗೆ ಮಾಡಬೇಕು. ಒಂದು ಉಂಗುರ ಒಂದು ಬೆರಳು ಆಚೆ ಹೋದರೂ ಭಾರವೆಲ್ಲ ಅದರ ಪಕ್ಕದ್ದಕ್ಕೆ ಬೀಳುತ್ತದೆ.

ದಾರವನ್ನು ಎಶ್ರೆಫನ ಎಡಗೈಗೆ ಕೊಡಲು ಹಿಲ್ಮೊ ಅತ್ತ ತಿರುಗಿದ. ಎಶ್ರೆಫ್ ದಾರ ತೆಗೆದುಕೊಳ್ಳಲಿಲ್ಲ. ಅವನ ಎಡಗೈ ಮೇಜಿನ ಅಂಚಿನಲ್ಲಿದ್ದ ಹತ್ತಿಯ ಉಂಡೆಯತ್ತ ಹೋಯಿತು. ಒಂದು ಎಸಳು ಕಿತ್ತ. ಬೆರಳುಗಳಿಗೆ ಸರಿಯಾಗಿ ಬರಲಿಲ್ಲ, ಬಿತ್ತು, ಮತ್ತೆ ಕಿತ್ತ. ಬಟ್ಟೆಯ ಮೇಲಿನ ಮೊದಲ ಉಂಗುರವನ್ನು ಕಿರುಬೆರಳಿನಿಂದ ಅದುಮಿ ಹಿಡಿದು, ತೋರುಬೆರಳಿನಿಂದ ಹತ್ತಿಯನ್ನು ಒಳಗೆ ತಳ್ಳಿ, ಆಚೆಯಿಂದ ಹೆಬ್ಬೆರಳಲ್ಲಿ ಎಳೆದ. ಎಳೆ ಸರಾಗ ಬಂತು. ಎರಡನೆಯದು. ಹಿಲ್ಮೊ ದಾರ ಹಿಡಿದುಕೊಂಡು ನಿಂತಿದ್ದ. ಹಿಂದೆ ಎಂದೂ ಎಶ್ರೆಫ್ ಹತ್ತಿ ಮುಟ್ಟಿರಲಿಲ್ಲ. ಉಂಗುರ ನೋಡುವುದು ಕಟ್ಟುವವನ ಕೆಲಸ, ಇನ್ನೊಬ್ಬ ನೋಡಿದರೆ ಅದು ಅವನ ಮುಖಕ್ಕೆ ಉಗುಳಿದ ಹಾಗೆ, ಇದು ಇಬ್ಬರಿಗೂ ಗೊತ್ತಿದ್ದ ಮರ್ಯಾದೆ. ಮೂರನೆಯದು ಸರಾಗ. ನಾಲ್ಕನೆಯದಕ್ಕೆ ಬಹಳ ಹೊತ್ತು ಹಿಡಿಯಿತು, ಒಲೆಯಲ್ಲಿ ಬೀಚ್ ಮರದ ತುಂಡೊಂದು ಸಿಡಿಯಿತು, ಎಶ್ರೆಫನ ತುಟಿಯ ಬಲಬದಿಯಿಂದ ಜೊಲ್ಲು ಇಳಿದು ಅವನಿಗೆ ಗೊತ್ತಾಗದೆ ಕಾಲರಿನ ಮೇಲೆ ಬಿತ್ತು. ಒರೆಸಬೇಕು ಅನ್ನಿಸಿತು ಹಿಲ್ಮೊಗೆ. ಒರೆಸಲಿಲ್ಲ. ಈಗಲೂ ಕೈ ಚಾಚಿ ಐದನೆಯದನ್ನು ಎತ್ತಿಕೊಳ್ಳಬಹುದಿತ್ತು, ಇದು ತಪ್ಪಿ ಬಂದಿದೆ ಎನ್ನಬಹುದಿತ್ತು, ಅಷ್ಟು ಸುಳ್ಳು ಅವನಲ್ಲಿ ಇನ್ನೂ ಉಳಿದಿತ್ತು.

ಐದನೆಯದರಲ್ಲಿ ಎಳೆ ನಿಂತಿತು.

ಎಶ್ರೆಫ್ ಹತ್ತಿಯನ್ನು ಬಿಟ್ಟು ಉಂಗುರವನ್ನು ಕಣ್ಣಿನ ಹತ್ತಿರ ತಂದ. ಕಪ್ಪು ಬಳೆಯಿಂದ ಒಂದು ಬಿಳಿ ಎಳೆ ನೇತಾಡುತ್ತಿತ್ತು. ಉಂಗುರದ ಕಾಲುಗಳಲ್ಲಿ ಹಳೆಯ ಮೆರುಗೆಣ್ಣೆ ಇನ್ನೂ ಅಂಟಿಕೊಂಡಿತ್ತು, ಬಿಚ್ಚಿದ ಉಂಗುರವೆಂದು ಯಾರಿಗೂ ತಿಳಿಯುವಂತೆ. ಅವನು ಅದನ್ನು ಒಂದೆರಡು ಸಲ ತಿರುಗಿಸಿ ಹಿಲ್ಮೊನ ಕಡೆ ನೋಡಿದ.

"ಅದೇ," ಎಂದ ಹಿಲ್ಮೊ. ತನ್ನ ದನಿ ಬೇರೆ ಯಾರದ್ದೋ ಅನ್ನಿಸಿತು. "ನಿನ್ನ ಕೋಲಿನದು. ಮೊದಲೇ ಬಿರುಕಿತ್ತು, ಎಶ್ರೆಫ್. ಕಟ್ಟುವಾಗಲೇ ನಂಗೆ ಗೊತ್ತಿತ್ತು. ನಿನ್ನ ಗಂಟು ಜಾರಲಿಲ್ಲ."

ಎರಡು ವರ್ಷ ಹೊತ್ತದ್ದನ್ನು ಇಳಿಸಿದರೆ ಏನಾದರೂ ಆಗಬೇಕಲ್ಲ. ಎಶ್ರೆಫ್ ಬೆಚ್ಚಬಹುದು, ಎದ್ದು ಹೋಗಲು ಒದ್ದಾಡಬಹುದು, ಎಡಗೈಯಲ್ಲಿ ಕೆನ್ನೆಗೆ ಬಾರಿಸಬಹುದು. ಬಾರಿಸಲಿ ಎಂದು ಹಿಲ್ಮೊ ಮುಖವನ್ನು ತುಸು ಮುಂದೆಯೇ ತಂದಿದ್ದ. ಎಶ್ರೆಫನ ಮುಖದಲ್ಲಿ ಆಶ್ಚರ್ಯದ ಗೆರೆಯೊಂದೂ ಇರಲಿಲ್ಲ. ಹಳೆಯ ಸುದ್ದಿಯನ್ನು ತಡವಾಗಿ ತಂದವನನ್ನು ನೋಡುವ ಹಾಗೆ ನೋಡುತ್ತಿದ್ದ. ಆಮೇಲೆ, ಅವಸರವಿಲ್ಲದೆ, ಉಂಗುರವನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಆಗ ಹಿಲ್ಮೊಗೆ ದಾರದ ತುದಿ ಸುತ್ತಿದ ಆ ಬೆರಳು ನೆನಪಾಯಿತು. ಅದೂ ಹೀಗೆಯೇ ಇದೇ ಜೇಬಿಗೆ ಹೋಗಿತ್ತು. ನಾಚಿಕೆಯಿಂದ ಬಚ್ಚಿಟ್ಟ ಎಂದು ಇಷ್ಟು ದಿನ ತಿಳಿದಿದ್ದ. ತುದಿ ನೋಡು ಎಂದು ಊರಿಗೆಲ್ಲ ಕಲಿಸಿದವನು ತನ್ನ ದಾರದ ತುದಿ ನೋಡದೆ ಇರುತ್ತಾನೆಯೇ? ಮೀನು ಹೋದ ಮರುಗಳಿಗೆಯೇ, ಮಂಜಿನಲ್ಲಿ ನಿಂತೇ ನೋಡಿರುತ್ತಾನೆ. ಬೆಳ್ಳಗೆ, ಒರಟಾಗಿ. ದಾರ ನೀರಿನಲ್ಲಿ ಯಾವ ಕಲ್ಲಿಗೂ ಉಜ್ಜಲಿಲ್ಲವೆಂಬುದು ಸೇತುವೆಯ ಮೇಲಿದ್ದವರಿಗೆಲ್ಲ ಕಂಡಿತ್ತು. ಕಲ್ಲಲ್ಲವಾದರೆ ಉಂಗುರ, ಉಂಗುರವಾದರೆ ಹಿಲ್ಮೊ, ಹಿಲ್ಮೊನ ಅಂಗಡಿ. ಇಷ್ಟನ್ನು ಲೆಕ್ಕ ಹಾಕಿಕೊಂಡೇ ಅವನು ಸೇತುವೆಯಿಂದ ಸಾಬಿತನ ಅಂಗಡಿಗೆ ನಡೆದು ಬಂದಿದ್ದ. ಬಂದು ಹಿಲ್ಮೊನ ಎದುರಿಗೇ ಕುಳಿತು, ಎಲ್ಲರಿಗೂ ಕೇಳುವಂತೆ, ತಪ್ಪು ತನ್ನದೆಂದಿದ್ದ. ಹಿಲ್ಮೊ ನಕ್ಕಿದ್ದ. ಜೋರಾಗಿ.

"ಯಾಕೆ ಹೇಳಲಿಲ್ಲ ನೀನು?" ಎಂದ. ಕೇಳಿದ ಮೇಲೆ ಅದರ ಮೂರ್ಖತನ ಹೊಳೆಯಿತು. ಹೇಳಬಹುದಾಗಿದ್ದ ಕಾಲದಲ್ಲಿ ಕೇಳಬೇಕಿತ್ತು. ಈಗ ಏನು ಕೇಳಿದರೂ ಬರುವ ಉತ್ತರ ಒಂದೇ, ಕ್ಷಮಿಸಿದ್ದೇನೆ ಎನ್ನುವುದಕ್ಕೂ ಅದೇ, ಹಾಳಾಗಿ ಹೋಗು ಎನ್ನುವುದಕ್ಕೂ ಅದೇ.

"ಗಂಟು," ಎಂದ ಎಶ್ರೆಫ್. ಅದರ ಅರ್ಥ ಹೇಳಲು ರಾಜಿಯಾ ಅಲ್ಲಿರಲಿಲ್ಲ. ಹಿಲ್ಮೊ ಆ ಮುಖವನ್ನು ನೋಡಿದ, ಚಲಿಸುವ ಅರ್ಧವನ್ನೂ ಚಲಿಸದ ಅರ್ಧವನ್ನೂ. ಏನೂ ತಿಳಿಯಲಿಲ್ಲ.

ಬಾಗಿಲ ಗಂಟೆ ಅಲುಗಿತು. ರಾಜಿಯಾ ಚೀಲವನ್ನು ನೆಲಕ್ಕಿಟ್ಟು, ಉಸಿರು ಬಿಟ್ಟು, ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಗಂಡನ ಗಲ್ಲ ಒರೆಸಿದಳು. "ಏನು, ಇನ್ನೂ ಒಂದು ಉಂಗುರಾನೂ ಸಿಕ್ಕಿಸಿಲ್ಲ? ಅರ್ಧ ಗಂಟೆ ಆಯ್ತು. ಸಾಬಿತ್ ಕೇಳ್ತಿದ್ದ, ಗಂಟು ಮಾಸ್ತರು ಎಲ್ಲಿಗೆ ಹೊರಟರು ಅಂತ. ಈಗಲೂ ಬಿಡಲ್ಲ ಅವನು." ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. "ನಂಗೆ ಒಂದೊಂದು ಸಲ ಏನನ್ಸತ್ತೆ ಗೊತ್ತಾ ಹಿಲ್ಮೊ? ಆ ಹಾಳು ಗಂಟು ಅವತ್ತೊಂದು ದಿನ ನಿಂತಿದ್ದರೆ, ಜನ ಹೀಗೆ ಕರೆದು ಕರೆದು ತಲೇಲಿ ಕೂರಿಸದೆ ಇದ್ದಿದ್ದರೆ, ಈಗ ಇವರ ಬಾಯಲ್ಲಿ ಬೇರೆ ಏನಾದ್ರೂ ಮಾತು ಉಳೀತಿತ್ತೇನೋ. ನನ್ನ ಹೆಸರು ಉಳಿದಿರ್ತಿತ್ತೇನೋ."

ಹಿಲ್ಮೊ ಬಾಯಿ ತೆರೆದ. ಮಣಿಕಟ್ಟಿನ ಮೇಲೆ ಎಶ್ರೆಫನ ಎಡಗೈ ಬಿತ್ತು. ಎಂದೂ ಗಾಳ ಎಸೆಯದ ಕೈ, ಆದರೂ ಬಲವಾಗಿತ್ತು, ಮೂಳೆ ನೋಯುವಷ್ಟು.

"ಗಂಟು," ಎಂದ ಅವನು. ಈ ಸಲ ಅರ್ಥ ಹೇಳಲು ಯಾರೂ ಬೇಕಾಗಲಿಲ್ಲ.

"ಏನಂತೆ?" ಎಂದಳು ರಾಜಿಯಾ.

ಹಿಲ್ಮೊ ಸಾಲನ್ನು ನೋಡಿದ. ನಾಲ್ಕು ಉಂಗುರ, ಒಂದು ಖಾಲಿ ಜಾಗ, ಮತ್ತೆ ನಾಲ್ಕು. ಡ್ರಾಯರಿನಲ್ಲಿ ಐದನೆಯದಕ್ಕೆ ಒಳ್ಳೆಯ ಉಂಗುರವಿದ್ದೇ ಇತ್ತು. "ಒಂದು ಉಂಗುರ ಕಮ್ಮಿ ಇದೆಯಂತೆ," ಎಂದ. "ಹೊಸದು ತರಿಸಬೇಕು. ಮೂರು ವಾರ ಆಗತ್ತೆ."

"ಆಗಲಿ ಬಿಡಿ, ನಮಗೇನು ಅವಸರ," ಎಂದು ಅವಳು ಗಂಡನನ್ನು ಎಬ್ಬಿಸಿದಳು. ಎಶ್ರೆಫ್ ಕೈ ಬಿಟ್ಟ. ಮಣಿಕಟ್ಟಿನಲ್ಲಿ ಬೆರಳುಗಳ ಗುರುತು ಬಿಳಿಯಾಗಿ ಮೂಡಿ ನಿಧಾನಕ್ಕೆ ಕೆಂಪಾಯಿತು.

ಅವರು ಬೀದಿ ದಾಟುವುದನ್ನು ಹಿಲ್ಮೊ ಗಾಜಿನ ಹಿಂದಿನಿಂದ ನೋಡುತ್ತಿದ್ದ. ಸಾಬಿತನ ಅಂಗಡಿಯ ಮುಂದೆ ಬರುವಾಗ ಎಶ್ರೆಫನ ಬಲಗಾಲಿನ ಬೂಟಿನ ದಾರ ಬಿಚ್ಚಿಕೊಂಡು ಕಲ್ಲಿನ ಮೇಲೆ ಎಳೆದಾಡುತ್ತಿತ್ತು. ರಾಜಿಯಾಳ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಗಂಡ. ಅವಳಿಗೆ ಕಾಣಲಿಲ್ಲ. ಆ ಕಾಲಿಗೆ ಗೊತ್ತೇ ಆಗುವುದಿಲ್ಲ, ಮುಗ್ಗರಿಸಿದರೆ ಬೀಳುತ್ತಾನೆ. ಹಿಲ್ಮೊ ಕೋಟನ್ನೂ ಹಾಕಿಕೊಳ್ಳದೆ ಹೊರಗೆ ಓಡಿದ. ನಿಲ್ಲಿ ಎಂದ. ಎಶ್ರೆಫನ ಮುಂದೆ ಒದ್ದೆ ಕಲ್ಲಿನ ಮೇಲೆ ಮಂಡಿಯೂರಿ ಕುಳಿತು ದಾರದ ಎರಡು ತುದಿಗಳನ್ನು ಹಿಡಿದ. ಕಾಫಿ ಅಂಗಡಿಯ ಬಾಗಿಲಲ್ಲಿ ಬಿಸಿಲು ಕಾಯುತ್ತಿದ್ದ ಸಾಬಿತ್, ಅವನ ಹಿಂದೆ ನಾಲ್ಕು ಜನ.

ಹಿಲ್ಮೊನ ಕಸುಬಿನಲ್ಲಿ ಗಂಟು ಎಂಬುದೇ ಇಲ್ಲ. ಉಂಗುರದ ಕಾಲಿಗೆ ನೂಲು ಸುತ್ತಿ, ಕೊನೆಯನ್ನು ಸುತ್ತುಗಳ ಅಡಿಗೇ ಎಳೆದು ಮರೆಮಾಡುವುದಷ್ಟೇ. ಬೂಟಿನ ದಾರ ಅವನ ಕೈಯಲ್ಲಿ ಒಂದು ಸಲ ಜಾರಿತು.

"ಎಶ್ರೆಫ್," ಎಂದು ಕೂಗಿದ ಸಾಬಿತ್, ಹಳೆಯ ಸಲಿಗೆಯಲ್ಲಿ, ಕೆಟ್ಟತನವೇನೂ ಇಲ್ಲದೆ. "ಗಂಟು ಸರಿಯಾಗಿದೆಯಾ ನೋಡಿ ಹೇಳಪ್ಪ."

ಹೇಳಿಬಿಡಬಹುದಿತ್ತು. ಊರೇ ಅಲ್ಲಿತ್ತು, ಎರಡೇ ಮಾತು ಸಾಕಿತ್ತು. ಹಿಲ್ಮೊ ತಲೆ ಎತ್ತಲು ಹೋದ. ತಲೆಯ ಮೇಲೆ ಎಶ್ರೆಫನ ಎಡಗೈಯ ಭಾರ ಬಂದು ಕುಳಿತಿತ್ತು, ಅವನು ಎತ್ತದ ಹಾಗೆ.

ಎಶ್ರೆಫ್ ಬಾಗಿ ತನ್ನ ಬೂಟನ್ನು ನೋಡಿದ.

"ಗಂಟು," ಎಂದ.

ಆರು ತಿಂಗಳಲ್ಲಿ ಮೊದಲ ಸಲ ಆ ಪದಕ್ಕೆ ಅದರದೇ ಅರ್ಥವಿತ್ತು. ಬಾಗಿಲಲ್ಲಿದ್ದವರೆಲ್ಲ ನಕ್ಕರು, ರಾಜಿಯಾಳೂ ನಕ್ಕಳು, ಮೇಲೆ ಎಶ್ರೆಫನ ಅರ್ಧ ನಗುವೂ ಕೇಳಿಸಿತು. ಹಿಲ್ಮೊ ಕಟ್ಟಿದ್ದನ್ನು ಬಿಚ್ಚಿ, ಇನ್ನೊಮ್ಮೆ ಕಟ್ಟತೊಡಗಿದ.